ಚಿಕ್ಕಮಗಳೂರಿಂದ ಹುಬ್ಬಳ್ಳಿಗೆ ಕಾಫಿ ಪುಡಿ: ಪಾರ್ಸೆಲ್ ಆಫೀಸೋ, ರಿಟರ್ನ್ ಗಾಡಿಯೋ?

ನಮ್ಮದು ಚಿಕ್ಕಮಗಳೂರಲ್ಲಿ ಸಣ್ಣ ಕಾಫಿ ಪುಡಿ ಅಂಗಡಿ. ಹಿಂದೆ ಹುರಿಯುವ ಮೆಷೀನು, ಮುಂದೆ ಪುಡಿ ಮಾಡುವ ಮೆಷೀನು. ನಾನು, ನನ್ನ ಹೆಂಡತಿ, ಜೊತೆಗೊಬ್ಬ ಹುಡುಗ. ಹುಬ್ಬಳ್ಳಿಯಲ್ಲಿ ಹೋಟೆಲ್‌ಗಳಿಗೆ ಪುಡಿ ಹಾಕುವ ವ್ಯಾಪಾರಿಯೊಬ್ಬರು ಆರು ವರ್ಷದಿಂದ ನಮ್ಮಲ್ಲೇ ತಗೊಳ್ಳುತ್ತಾರೆ. ತಿಂಗಳಿಗೆ 12 ಚೀಲ, ಚೀಲಕ್ಕೆ 40 ಕೆಜಿ. ಇಷ್ಟು ಮಾಲಿಗೆ ಪೂರ್ತಿ ಲಾರಿ ಬೇಕಾಗಲ್ಲ, ಬಸ್ಸಿನ ಮೇಲೆ ಹಾಕಿ ಕಳಿಸೋಕೂ ಆಗಲ್ಲ. ಈ ನಡುವಿನ ತೂಕದವರ ಪಾಡು ಸುಲಭ ಇಲ್ಲ. ನಾನು ಎರಡು ಥರ ಕಳಿಸಿ ನೋಡಿದ್ದೇನೆ. ಎರಡರ ಬಗ್ಗೆಯೂ ಬರೆಯುತ್ತೇನೆ.

ಮೊದಲು ಪಾರ್ಸೆಲ್ ಆಫೀಸು. ಹೆಸರು ಹಾಕಲ್ಲ. ನಾಲ್ಕು ವರ್ಷ ಅಲ್ಲೇ ಬುಕ್ ಮಾಡಿದೆ. ಕೆಜಿಗೆ ನಾಲ್ಕೂವರೆ ರೂಪಾಯಿ. 480 ಕೆಜಿಗೆ 2,160. ಚೀಲಕ್ಕೆ 20ರಂತೆ ಹಮಾಲಿ 240. ಎಲ್‌ಆರ್ (ಲಾರಿ ರಸೀದಿ) ಚಾರ್ಜು 50. ಒಟ್ಟು 2,450. ನೋಡೋಕೆ ಅಗ್ಗ. ಆಫೀಸಿನ ಹುಡುಗರೂ ಒಳ್ಳೆಯವರು, ಮರ್ಯಾದೆಯಿಂದ ಮಾತಾಡುತ್ತಿದ್ದರು. ಮೂರು-ನಾಲ್ಕು ದಿನಕ್ಕೆ ಮಾಲು ಹುಬ್ಬಳ್ಳಿಯ ಗೋಡೌನ್ ಸೇರುತ್ತಿತ್ತು. ಅಲ್ಲಿಂದ ವ್ಯಾಪಾರಿ 600 ರೂಪಾಯಿ ಕೊಟ್ಟು ಏಸ್ ಅನ್ನೋ ಸಣ್ಣ ಗಾಡಿ ಮಾಡಿ ಅಂಗಡಿಗೆ ತರಿಸಿಕೊಳ್ಳಬೇಕು. ಅದು ನನ್ನ ಲೆಕ್ಕದಲ್ಲಿ ಬರಲ್ಲ ಅಂತ ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ ಆ ವ್ಯಾಪಾರಿಯ ಫೋನು ಬಂತು. "ಸರ್ರ, ಈಗಷ್ಟ ಫಿಲ್ಟರ್ ಹಾಕಿ ಕುಡುದ್ನಿ. ಕಾಫಿ ಕುಡದಂಗ ಇಲ್ರಿ, ದೇವ್ರ ಮನ್ಯಾಗ ಕುಂತಂಗ ಐತಿ" ಅಂದರು. ನನಗೆ ತಕ್ಷಣ ಅರ್ಥ ಆಗಲಿಲ್ಲ. ಮಾರನೇ ದಿನ ಬಸ್ಸು ಹತ್ತಿ ಹೋದೆ. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಪುಡಿ ಅಂಗೈಗೆ ತಗೊಂಡೆ. ಊದಿನಕಡ್ಡಿ ವಾಸನೆ. ಮಲ್ಲಿಗೆಯದು. ಮೂರು ಚೀಲ ಹಾಗೇ ಆಗಿತ್ತು. ಉಳಿದ ಒಂಬತ್ತು ಸರಿಯಾಗಿದ್ದವು.

ಕಾಫಿ ಪುಡಿ ಅಕ್ಕಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತೆ. ಹುರಿದ ಬೀಜದೊಳಗೆಲ್ಲ ಸಣ್ಣ ಸಣ್ಣ ತೂತು, ಪುಡಿ ಮಾಡಿದರೆ ಇನ್ನೂ ಜಾಸ್ತಿ. ತೇವವನ್ನೂ ಹಾಗೇ ಎಳೆದುಕೊಳ್ಳುತ್ತೆ. ನಾವು ಒಳಗೆ ಹಾಕುತ್ತಿದ್ದ ತೆಳು ಪ್ಲಾಸ್ಟಿಕ್ ಕವರು ವಾಸನೆ ತಡೆಯುವಂಥದ್ದಲ್ಲ. ಅದು ನಮ್ಮ ತಪ್ಪು, ಈಗ ದಪ್ಪ ಕವರಿಗೆ ಬದಲಾಯಿಸಿದ್ದೇವೆ. ಆದರೆ ಚೀಲದ ಪಕ್ಕಕ್ಕೆ ಊದಿನಕಡ್ಡಿ ಬಾಕ್ಸು ಬಂದದ್ದು ಹೇಗೆ?

ಆಫೀಸಿಗೆ ಹೋಗಿ ಮಾಲಿನ ದಾರಿ ಕೇಳಿದೆ. ಹುಬ್ಬಳ್ಳಿ ಇರೋದು ಕಡೂರಿನ ಕಡೆ, ಉತ್ತರಕ್ಕೆ. ನಮ್ಮ ಚೀಲ ಮೊದಲು ಹಿಂದಕ್ಕೆ, 60 ಕಿಲೋಮೀಟರ್ ಆಚೆ ಹಾಸನಕ್ಕೆ ಹೋಗುತ್ತಿತ್ತು. ಅಲ್ಲಿ ಇಳಿಸಿ, ಬೇರೆ ಊರಿನ ಮಾಲಿನ ಜೊತೆ ದೊಡ್ಡ ಲಾರಿಗೆ ಏರಿಸಿ ಕಳಿಸುತ್ತಿದ್ದರು. ಮನೆಗೆ ಬಂದು ಬೆರಳು ಮಡಚಿ ಎಣಿಸಿದೆ. ಅಂಗಡಿಯಲ್ಲಿ ಏರಿಸೋದು, ಬುಕಿಂಗ್ ಆಫೀಸಲ್ಲಿ ಇಳಿಸೋದು, ಲಾರಿಗೆ ಏರಿಸೋದು, ಹಾಸನದಲ್ಲಿ ಇಳಿಸೋದು, ಮತ್ತೆ ಏರಿಸೋದು, ಹುಬ್ಬಳ್ಳಿಯಲ್ಲಿ ಇಳಿಸೋದು, ಏಸ್ ಗಾಡಿಗೆ ಏರಿಸೋದು, ಕೊನೆಗೆ ಇಳಿಸೋದು. ಒಂದೊಂದು ಚೀಲಕ್ಕೆ ಎಂಟು ಸಲ ಕೈ ಬೀಳುತ್ತೆ. ಪ್ರತಿ ಸಲ ಪಕ್ಕದಲ್ಲಿ ಕೂರುವ ಮಾಲು ಬೇರೆ. ನಾನು ನಾಲ್ಕು ವರ್ಷ ಕೇಳಿದ್ದು ಕೆಜಿಗೆ ಎಷ್ಟು ಅಂತ ಮಾತ್ರ. ಎಷ್ಟು ಸಲ ಇಳಿಸಿ ಏರಿಸ್ತೀರಿ ಅಂತ ಒಂದು ದಿನವೂ ಕೇಳಿರಲಿಲ್ಲ.

ಪರಿಹಾರದ ವಿಷಯ ಎಲ್ಲರಿಗೂ ಗೊತ್ತಿರಲಿ. ರಸ್ತೆ ಮೂಲಕ ಸರಕು ಸಾಗಿಸೋದಕ್ಕೆ 2007ರ ಕಾಯ್ದೆ ಇದೆ. ಮಾಲು ಹಾಳಾದರೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ಕೊಡದಿದ್ದರೆ ಕೋರ್ಟಿಗೆ ಹೋಗೋಕೂ ಆಗಲ್ಲ. ಮತ್ತೆ, ಬುಕ್ ಮಾಡುವಾಗ ಮಾಲಿನ ಬೆಲೆ ಹೇಳಿ ಜಾಸ್ತಿ ರಿಸ್ಕಿಗೆ ದುಡ್ಡು ಕಟ್ಟಿರದಿದ್ದರೆ, ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿಗಿಂತ ಜಾಸ್ತಿ ಸಿಗಲ್ಲ. ನಮಗೆ ಮೂರು ಚೀಲದಲ್ಲಿ ಹೋದದ್ದು 57,600 ರೂಪಾಯಿ. ಬಾಡಿಗೆಯ 10 ಪಟ್ಟು ಅಂದರೆ 21,600. ಕಾಗದ ಬರೆದು, ಮೂರು ತಿಂಗಳು ಅಲೆದು, 15,000 ಕೈಗೆ ಬಂತು. ಮೂರು ಚೀಲ ಪುಡಿಯನ್ನು ತೋಟದ ಗೊಬ್ಬರದ ಗುಂಡಿಗೆ ಸುರಿದೆವು. ನನ್ನ ಹೆಂಡತಿ ಆವತ್ತು ಊಟ ಮಾಡಲಿಲ್ಲ. ಆ ಬೀಜ ಹುರಿದದ್ದು ಅವಳೇ.

ಈಗ ಎರಡನೆಯದು, ರಿಟರ್ನ್ ಗಾಡಿ. ಮಾರ್ಕೆಟ್ ರಸ್ತೆಯ ದಿನಸಿ ಹೋಲ್‌ಸೇಲಿನವರೊಬ್ಬರಿಗೆ ಹಾವೇರಿ ಕಡೆಯಿಂದ ಬ್ಯಾಡಗಿ ಮೆಣಸಿನಕಾಯಿ ಬರುತ್ತೆ. ತರೋದು ಹುಬ್ಬಳ್ಳಿಯ ಒಬ್ಬ ಕ್ಯಾಂಟರ್ ಮಾಲೀಕರು, ಗಾಡಿ ಓಡಿಸೋದೂ ಅವರೇ. ವಾಪಸ್ ಹೋಗುವಾಗ ಗಾಡಿ ಖಾಲಿ. ಹಾಗಾಗಿ ನಾವು ನಾಲ್ಕು ಜನ ಸೇರಿ ಮಾಲು ತುಂಬುತ್ತೇವೆ. ಎರಡು ಕಡೆಯ ಕಾಫಿ ಪುಡಿ, ಒಬ್ಬರ ಕಾಳುಮೆಣಸು, ಇನ್ನೊಬ್ಬರ ಅಡಿಕೆ. ಕೆಜಿಗೆ ಆರು ರೂಪಾಯಿ, ಹುಬ್ಬಳ್ಳಿ ಅಂಗಡಿ ಬಾಗಿಲಿಗೇ ತಲುಪಿಸೋದೂ ಸೇರಿ. 480 ಕೆಜಿಗೆ 2,880. ಪಾರ್ಸೆಲ್ ಆಫೀಸಿನ 2,450ಕ್ಕೆ ಏಸ್ ಗಾಡಿಯ 600 ಸೇರಿಸಿದರೆ 3,050. ಅಂದರೆ ಅಗ್ಗ ಅಂದುಕೊಂಡಿದ್ದೇ ದುಬಾರಿ ಆಗಿತ್ತು.

ಮೊದಲ ಸಲ ಗಾಡಿ ಬಂದಾಗ ನಾನು ಹಿಂದೆ ಹತ್ತಿ, ಮಂಡಿ ಊರಿ ಹಲಗೆ ಮೂಸಿ ನೋಡಿದೆ. ಮೆಣಸಿನಕಾಯಿ ಘಾಟು ಮೂಗಿಗೆ ಹತ್ತಿತು. "ಸಾವ್ಕಾರ್ರ, ವಾಸನಿ ಐತೇನ್ರಿ?" ಅಂತ ಕೇಳಿದರು. "ಇದೆ ಅಣ್ಣ, ಇದರಲ್ಲಿ ಪುಡಿ ಹಾಕೋಕಾಗಲ್ಲ" ಅಂದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಪೊರಕೆ ತಗೊಂಡು ಹಲಗೆಯ ಸಂದಿ ಸಂದಿ ಗುಡಿಸಿದರು. ಒಣಗಿದ ಬೀಜ, ತೊಟ್ಟು, ಕೆಂಪು ಪುಡಿ ಒಂದು ಮೊರದಷ್ಟು ಬಂತು. ಆಮೇಲೆ ನಮ್ಮ ನಲ್ಲಿಯಿಂದ ನೀರು ಹಿಡಿದು ತೊಳೆದು, ಮಧ್ಯಾಹ್ನ ಪೂರ್ತಿ ಬಿಸಿಲಿಗೆ ಗಾಡಿ ನಿಲ್ಲಿಸಿದರು. ಸಂಜೆ ನನ್ನನ್ನು ಕರೆದು "ಈಗ ನೋಡ್ರಿ" ಅಂದರು. ಮರದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ಅವತ್ತಿಂದ ಅವರು ನಮ್ಮೂರಿಗೆ ಬೆಳಿಗ್ಗೆಯೇ ಬರುತ್ತಾರೆ, ಹೇಳದೇನೇ ತೊಳೆದು ಒಣಗಿಸುತ್ತಾರೆ.

ಲೋಡು ಮಾಡೋದರಲ್ಲೂ ಅಷ್ಟೇ ಕಾಳಜಿ. ಕೆಳಗೆ ಒಂದು ಟಾರ್ಪಾಲು ಹಾಸಿ, ಕಾಫಿ ಚೀಲಗಳನ್ನು ಕ್ಯಾಬಿನ್ ಪಕ್ಕಕ್ಕೆ ಜೋಡಿಸುತ್ತಾರೆ. ಹಿಂದಿನ ಬಾಗಿಲ ಹತ್ತಿರ ಧೂಳು, ಮಳೆ ನೀರು ಜಾಸ್ತಿ, ಅಲ್ಲಿಗೆ ಅಡಿಕೆ. ಚೀಲಕ್ಕೆ ಕೊಕ್ಕೆ ಹಾಕಿ ಎಳೆಯೋಕೆ ಹಮಾಲಿಗಳಿಗೆ ಬಿಡಲ್ಲ, ಹೆಗಲ ಮೇಲೇ ಹೊರಬೇಕು. ಮೇಲೆ ಎರಡು ಟಾರ್ಪಾಲು. ರಾತ್ರಿ ಎಂಟಕ್ಕೆ ಹೊರಟರೆ ಕಡೂರು, ದಾವಣಗೆರೆ, ಹಾವೇರಿ ದಾಟಿ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಹುಬ್ಬಳ್ಳಿ. ಚೀಲಕ್ಕೆ ಕೈ ಬೀಳೋದು ಎರಡೇ ಸಲ, ಇಲ್ಲಿ ಏರಿಸುವಾಗ, ಅಲ್ಲಿ ಇಳಿಸುವಾಗ.

ಇ-ವೇ ಬಿಲ್, ಅಂದರೆ ಮಾಲು ಸಾಗಿಸೋಕೆ ಜಿಎಸ್‌ಟಿಯವರ ಆನ್‌ಲೈನ್ ಪತ್ರ, ಅದರ ಕೆಲಸವೂ ಹಗುರ ಆಯಿತು. ನಮ್ಮ ಮಾಲು 50,000 ರೂಪಾಯಿ ಮೀರುತ್ತೆ, ಹಾಗಾಗಿ ಬಿಲ್ ಬೇಕೇ ಬೇಕು. 200 ಕಿಲೋಮೀಟರಿಗೆ ಒಂದು ದಿನದ ಲೆಕ್ಕ, ಸುಮಾರು 300 ಕಿಲೋಮೀಟರಿಗೆ ಎರಡು ದಿನ ಸಿಗುತ್ತೆ. ದಾರಿಯಲ್ಲಿ ಗಾಡಿ ಬದಲಾದರೆ ಹೊಸ ಗಾಡಿ ನಂಬರು ಹಾಕಬೇಕು. ಮೊದಲು ಹಾಸನದಲ್ಲಿ ಯಾರೋ ಅದನ್ನು ಮರೆತರೆ ಮಾಲು ಅಲ್ಲೇ ನಿಲ್ಲುತ್ತಿತ್ತು, ಅಷ್ಟರಲ್ಲಿ ಅವಧಿ ಮುಗಿಯುವ ಭಯ. ಈಗ ಒಂದೇ ಗಾಡಿ, ಒಂದೇ ನಂಬರು.

ಕೊರತೆ ಇಲ್ಲ ಅಂತಲ್ಲ. ಮೆಣಸಿನಕಾಯಿ ಸೀಸನ್ನಿನಲ್ಲಿ ವಾರಕ್ಕೊಮ್ಮೆ ಬರುತ್ತಾರೆ. ಮಳೆಗಾಲದಲ್ಲಿ ಇಪ್ಪತ್ತು ದಿನ ಆದರೂ ಸುಳಿವಿರಲ್ಲ. ನಮಗೆ ಗಾಡಿ ಜಾಸ್ತಿ ಬೇಕಾಗೋದು ಆಗಲೇ. ಮಳೆಗಾಲದಲ್ಲಿ ಹುರಿದ ಪುಡಿಯನ್ನು ಚಿಕ್ಕಮಗಳೂರಿನ ತೇವದಲ್ಲಿ ಇಟ್ಟುಕೊಂಡು ಕಾಯೋದು ಕಷ್ಟ. ಕಳೆದ ಜುಲೈನಲ್ಲಿ ಕಾದು ಕಾದು ಬೇರೆ ಪಿಕಪ್ ಮಾಡಿ ಕಳಿಸಿದೆ, ಮೂರು ಪಟ್ಟು ಖರ್ಚು. ಇನ್ನೊಂದು, ಇವರು ಎಲ್‌ಆರ್ ಕೈಯಲ್ಲಿ ಬರೆದು ಕೊಡುತ್ತಾರೆ. ನಾನು ಪ್ರತಿ ಸಲ ಚೀಲದ ಲೆಕ್ಕ, ತೂಕ, ಮಾಲಿನ ಬೆಲೆ ಮೂರನ್ನೂ ಬರೆಸಿ ಸಹಿ ಹಾಕಿಸಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಬಟ್ಟೆ, ಪಾತ್ರೆ, ಬಿಡಿಭಾಗ ಕಳಿಸೋರಿಗೆ ಪಾರ್ಸೆಲ್ ಆಫೀಸೇ ಸಾಕು, ಸುಮ್ನೆ ರಿಟರ್ನ್ ಗಾಡಿಗೆ ಕಾಯಬೇಡಿ. ಕಾಫಿ, ಟೀ, ಏಲಕ್ಕಿ ಕಳಿಸೋರು ಮಾತ್ರ ನಿಮ್ಮೂರಿನ ಹೋಲ್‌ಸೇಲ್ ಅಂಗಡಿಯವರನ್ನು ಕೇಳಿ, ಯಾವ ಊರಿನ ಗಾಡಿ ಅವರಲ್ಲಿ ಖಾಲಿಯಾಗಿ ವಾಪಸ್ ಹೋಗುತ್ತೆ ಅಂತ. ಗಾಡಿ ಸಿಕ್ಕರೆ ಮೊದಲು ಹಿಂದೆ ಹತ್ತಿ ಹಲಗೆ ಮೂಸಿ ನೋಡಿ. ಬಾಡಿಗೆ ಆಮೇಲೆ ಮಾತಾಡಿ.