ಮಳೆಗಾಲದ ಬ್ಯಾಟರಿ, ಮೂರು ಚಿಪ್: ಕಡಿಮೆ ಕರೆಂಟಿನಲ್ಲಿ ಕೆಲಸ ಮುಗಿಸುವುದು ಯಾವುದು?

ಮಳೆ ಹಿಡಿದ ಮೇಲೆ ಕೊಡಗಿನ ತೋಟದ ಮನೆಗಳಲ್ಲಿ ಕರೆಂಟನ್ನು ನಂಬಿ ಕೂರುವಂತಿಲ್ಲ. ಸಿಲ್ವರ್ ಓಕ್ ಒಂದು ಲೈನ್ ಮೇಲೆ ಬಿದ್ದರೆ ಎರಡು ದಿನ ಇನ್ವರ್ಟರೇ ಗತಿ. ನಮ್ಮದು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ. ಲೆಕ್ಕಕ್ಕೆ 1,800 ವ್ಯಾಟ್-ಅವರ್, ಆದರೆ ಲೆಡ್-ಆಸಿಡ್ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಇಳಿಸಬಾರದು. ಉಳಿದ 900ರಲ್ಲೇ ದೀಪ, ವೈಫೈ, ಅಮ್ಮನ ಟಿವಿ, ಕೊನೆಗೆ ನನ್ನ ಕಂಪ್ಯೂಟರ್.

ಕಂಪ್ಯೂಟರಿನ ಕೆಲಸ ಇಷ್ಟು. ತೋಟದ ಅಂಚಿನ ಮರಗಳಿಗೆ ಧ್ವನಿ ರೆಕಾರ್ಡರ್ ಕಟ್ಟಿದ್ದೇನೆ. ಹಲಸು ಹಣ್ಣಾಗುವ ಹೊತ್ತಿಗೆ ಆನೆಗಳು ತೋಟಕ್ಕೆ ಇಳಿಯುತ್ತವೆ. ರಾತ್ರಿಯ ರೆಕಾರ್ಡಿಂಗನ್ನೆಲ್ಲ ತುಣುಕು ಮಾಡಿ, ಪ್ರತಿ ತುಣುಕಿನ ಸ್ಪೆಕ್ಟ್ರೋಗ್ರಾಮ್ (ಯಾವ ಕ್ಷಣದಲ್ಲಿ ಯಾವ ಸ್ವರ ಎಷ್ಟು ಜೋರು ಅನ್ನುವ ಚಿತ್ರ) ತೆಗೆದು, ಘೀಳು ಅಥವಾ ಕೊಂಬೆ ಮುರಿದ ಸದ್ದು ಎಲ್ಲೆಲ್ಲಿದೆ ಅಂತ ಪಟ್ಟಿ ಮಾಡಬೇಕು. ಬೆಳಗ್ಗೆ ಕೆಲಸದವರು ತೋಟಕ್ಕೆ ಇಳಿಯುವ ಮೊದಲು ಆ ಪಟ್ಟಿ ಕೈಯಲ್ಲಿರಬೇಕು. ಒಂದು ತುಣುಕಿಗೂ ಇನ್ನೊಂದಕ್ಕೂ ಸಂಬಂಧವಿಲ್ಲದ ಕಾರಣ ಎಷ್ಟು ಕೋರ್ (ಚಿಪ್ಪಿನೊಳಗೆ ಲೆಕ್ಕ ಮಾಡುವ ಘಟಕ) ಇದ್ದರೂ ಹಂಚಬಹುದು.

ಇದೇ ಕೆಲಸ ಕೊಟ್ಟು ಮೂರನ್ನು ಪರೀಕ್ಷಿಸಿದೆ: ರಾಸ್ಪ್‌ಬೆರಿ ಪೈ 5 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಆರ್‌ಕೆ3588 ಚಿಪ್ ಇರುವ ಬೋರ್ಡ್, ಇಂಟೆಲ್ ಎನ್100 ಇರುವ ಮಿನಿ ಪಿಸಿ. ವ್ಯಾಟ್ ಮೀಟರನ್ನು ಸಾಕೆಟ್ಟಿಗೂ ಅಡಾಪ್ಟರಿಗೂ ನಡುವೆ ಹಾಕಿದ್ದೆ. ಅಡಾಪ್ಟರ್ ತಿನ್ನುವ ಕರೆಂಟೂ ನನ್ನ ಬ್ಯಾಟರಿಯದ್ದೇ ತಾನೆ. ನೋಡಬೇಕಾದ್ದು ವ್ಯಾಟ್ ಅಲ್ಲ, ಒಂದು ರಾತ್ರಿಯ ಕೆಲಸ ಮುಗಿಯಲು ಎಷ್ಟು ವ್ಯಾಟ್-ಅವರ್ ಹೋಯಿತು ಅನ್ನುವುದು.

ಮೊದಲು ಮುಗಿಸಿದ್ದು ಎನ್100. ನಾಲ್ಕು ಕೋರ್, 3.4 ಗಿಗಾಹರ್ಟ್ಜ್‌ವರೆಗೆ ಏರುತ್ತದೆ. ಕಾಗದದ ಮೇಲೆ 6 ವ್ಯಾಟ್ ಅಂತಿದ್ದರೂ ಪೂರ್ತಿ ದುಡಿಯುವಾಗ ಮೀಟರ್ ತೋರಿಸಿದ್ದು 20ರ ಆಸುಪಾಸು. ಆ 6 ಚಿಪ್ಪಿನ ಶಾಖದ ಲೆಕ್ಕ ಮಾತ್ರ, ಮಿತಿಯನ್ನು ಮೇಲಕ್ಕೆ ಇಟ್ಟುಕೊಳ್ಳುವ ಅವಕಾಶ ಪಿಸಿ ಜೋಡಿಸುವವರಿಗೆ ಇರುತ್ತದೆ. ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಬೇರೆ. ಆರ್‌ಕೆ3588 ಅದರ ಬೆನ್ನಿಗೇ ಮುಗಿಸಿತು, ಅದೂ ಸುಮಾರು ಅರ್ಧ ಶಕ್ತಿಯಲ್ಲಿ. ಪೈ ತಿನ್ನುವುದು ಕಡಿಮೆ, ಆದರೆ ನಿಧಾನ. ಹಾಗಾಗಿ ಒಟ್ಟು ಲೆಕ್ಕದಲ್ಲಿ ಎನ್100ಕ್ಕಿಂತ ಮೇಲಾದರೂ ಆರ್‌ಕೆ3588ನ್ನು ಹಿಡಿಯಲಿಲ್ಲ.

ಪೈಯಲ್ಲೂ ಆರ್‌ಕೆ3588ರಲ್ಲೂ ಇರುವ ದೊಡ್ಡ ಕೋರ್ ಒಂದೇ: ಕಾರ್ಟೆಕ್ಸ್-ಎ76, ಎರಡರಲ್ಲೂ 2.4 ಗಿಗಾಹರ್ಟ್ಜ್, ನಾಲ್ಕು ನಾಲ್ಕು. ಹಾಗಿದ್ದೂ ಪೈಯಲ್ಲಿ ನಾಲ್ಕನೇ ಕೋರ್ ಸೇರಿಸಿದಾಗ ಸಿಕ್ಕ ಲಾಭ ತೀರಾ ಕಡಿಮೆ. ಪೈಯ ಮೆಮೊರಿ ದಾರಿಯ ಅಗಲ 32 ಬಿಟ್, ಆರ್‌ಕೆ3588ರದ್ದು 64 ಬಿಟ್. ಕೋರ್‌ಗಳು ಕೈ ಕಟ್ಟಿಕೊಂಡು ಡೇಟಾ ಬರಲಿ ಅಂತ ಕಾಯುತ್ತವೆ, ಕಾಯುವಾಗಲೂ ಕರೆಂಟ್ ಹೋಗುತ್ತಲೇ ಇರುತ್ತದೆ.

ಈ ವಿಷಯ ಚಿಪ್ ವಿನ್ಯಾಸದ ಬುಡಕ್ಕೇ ಹೋಗುತ್ತದೆ. ಸ್ಟ್ಯಾನ್‌ಫರ್ಡಿನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಲೆಕ್ಕ ನೋಡಿ. 45 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ 32 ಬಿಟ್‌ನ ಎರಡು ದಶಮಾಂಶ ಸಂಖ್ಯೆ ಕೂಡಲು 0.9 ಪಿಕೋಜೂಲ್ (ಒಂದು ಪಿಕೋಜೂಲ್ ಅಂದರೆ ಜೂಲ್‌ನ ಲಕ್ಷ ಕೋಟಿಯಲ್ಲೊಂದು ಭಾಗ ಶಕ್ತಿ). 64 ಬಿಟ್ ಡೇಟಾವನ್ನು ಚಿಪ್ಪಿನೊಳಗಿನ ಪುಟ್ಟ ಮೆಮೊರಿಯಾದ 8 ಕಿಲೋಬೈಟಿನ ಕ್ಯಾಶ್‌ನಿಂದ ತರಲು 10, ಚಿಪ್ಪಿನ ಹೊರಗಿರುವ ಮುಖ್ಯ ಮೆಮೊರಿ ಡಿರ‍್ಯಾಮ್‌ನಿಂದ ತರಲು 1,300ರಿಂದ 2,600. ಇಂದಿನ ಚಿಪ್‌ಗಳಲ್ಲಿ ಅಂಕಿಗಳು ಇಳಿದಿವೆ, ಆದರೆ ಲೆಕ್ಕ ಮಾಡುವುದು ಅಗ್ಗ, ಡೇಟಾ ಹೊತ್ತು ತರುವುದು ದುಬಾರಿ ಅನ್ನುವುದು ಬದಲಾಗಿಲ್ಲ.

ಹಾಗಾಗಿ ತುಣುಕಿನ ಅಳತೆಯನ್ನೇ ಬದಲಿಸಿ ನೋಡಿದೆ. 48 ಕಿಲೋಹರ್ಟ್ಜ್ ರೆಕಾರ್ಡಿಂಗಿನ ಒಂದು ಸೆಕೆಂಡ್, 32 ಬಿಟ್ ಸಂಖ್ಯೆಗಳಾದಾಗ 192 ಕಿಲೋಬೈಟ್. ಎ76 ಕೋರಿನ 512 ಕಿಲೋಬೈಟ್ ಎಲ್2 (ಎರಡನೇ ಹಂತದ) ಕ್ಯಾಶ್‌ನಲ್ಲಿ ಆರಾಮಾಗಿ ಹಿಡಿಯುತ್ತದೆ. ಆದರೆ ಆರ್‌ಕೆ3588ರ ನಾಲ್ಕು ಚಿಕ್ಕ ಕೋರ್‌ಗಳು, ಅಂದರೆ ಎ55ಗಳು, ಇಟ್ಟುಕೊಂಡಿರುವುದು 128 ಕಿಲೋಬೈಟ್ ಮಾತ್ರ. ಅವು ಡೇಟಾ ತರಲು ಹೊರಗೂ ಒಳಗೂ ಓಡಾಡುತ್ತಿದ್ದವು. ಅರ್ಧ ಸೆಕೆಂಡಿನ ತುಣುಕು ಮಾಡಿದೆ, 96 ಕಿಲೋಬೈಟ್ ಆಯಿತು. ಓದುವುದರಿಂದ ಸ್ಪೆಕ್ಟ್ರೋಗ್ರಾಮ್‌ವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮುಗಿಸುವಂತೆ ಪ್ರೋಗ್ರಾಮ್ ಬರೆದೆ. ಚಿಪ್ ಅದೇ, ಗಡಿಯಾರದ ವೇಗವೂ ಅದೇ, ವ್ಯಾಟ್-ಅವರ್ ಮಾತ್ರ ಕಣ್ಣಿಗೆ ಕಾಣುವಷ್ಟು ಇಳಿಯಿತು. ಇದರಷ್ಟು ಖುಷಿ ಕೊಟ್ಟ ಫಲಿತಾಂಶ ಈ ಪರೀಕ್ಷೆಯಲ್ಲಿ ಇನ್ನೊಂದಿಲ್ಲ.

ದೊಡ್ಡ ಮತ್ತು ಚಿಕ್ಕ ಕೋರ್‌ಗಳನ್ನು ಒಂದೇ ಚಿಪ್ಪಿನಲ್ಲಿ ಕೂಡಿಸುವ ವಿನ್ಯಾಸವನ್ನು, ಈ ಕಾರ್ಟೆಕ್ಸ್ ಕೋರ್‌ಗಳನ್ನು ರೂಪಿಸುವ ಕಂಪನಿ ಎಆರ್‌ಎಂ 2011ರಲ್ಲಿ ಪ್ರಕಟಿಸಿತು. ಇದರಲ್ಲಿ ಕೆಲಸ ಹಂಚುವ ರೀತಿ ಮುಖ್ಯ. ಎಂಟು ಕೋರಿಗೂ ಸಮಪಾಲು ಕೊಟ್ಟರೆ ಎ76ಗಳು ಬೇಗ ಮುಗಿಸಿ ಎ55ಗಳಿಗಾಗಿ ಕಾಯುತ್ತವೆ. ಕಾಫಿ ಕುಯ್ಯುವಾಗ ಸಾಲು ಹಂಚುವ ಹಾಗೆ ಮಾಡಬೇಕು: ಕೈಯಲ್ಲಿದ್ದ ಸಾಲು ಮುಗಿಸಿದವರು ಮುಂದಿನದನ್ನು ಹಿಡಿಯಲಿ. ಹಾಗೆ ಮಾಡಿದ ಮೇಲೇ ಚಿಕ್ಕ ಕೋರ್‌ಗಳ ಬೆಲೆ ಗೊತ್ತಾಯಿತು.

ವೇಗ ತಗ್ಗಿಸಿದರೆ ಉಳಿತಾಯವೇ? ಚಿಪ್ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಚಿಪ್ ದುಡಿಯುವಾಗ ತಿನ್ನುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೇಗ ತಗ್ಗಿಸಿದರೆ ವೋಲ್ಟೇಜನ್ನೂ ಇಳಿಸಬಹುದು; ವೋಲ್ಟೇಜ್ 10% ಇಳಿದರೆ ಅದೇ ಕೆಲಸಕ್ಕೆ ಸುಮಾರು 19% ಕಡಿಮೆ ಸಾಕು. ಆರ್‌ಕೆ3588ರ ಎ76ಗಳನ್ನು 1.8 ಗಿಗಾಹರ್ಟ್ಜ್‌ಗೆ ಕಟ್ಟಿಹಾಕಿದಾಗ ಈ ಲಾಭ ಸಿಕ್ಕಿತು. ಮಿನಿ ಪಿಸಿಯಲ್ಲಿ ಸಿಗಲಿಲ್ಲ. ಅದು ಸುಮ್ಮನೆ ಕೂತಾಗಲೂ ಏಳೆಂಟು ವ್ಯಾಟ್ ಎಳೆಯುತ್ತದೆ, ಕೆಲಸ ಲಂಬಿಸಿದಷ್ಟೂ ಆ ಖರ್ಚು ಬೆಳೆಯುತ್ತದೆ. ಅದನ್ನು ಪೂರ್ತಿ ಓಡಿಸಿ, ಮುಗಿದ ಕೂಡಲೇ ಆಫ್ ಮಾಡುವುದೇ ಸರಿ.

ಆರ್‌ಕೆ3588ರಲ್ಲಿ 8 ಬಿಟ್ ಲೆಕ್ಕಕ್ಕೆ 6 ಟಾಪ್ಸ್ (ಸೆಕೆಂಡಿಗೆ ಆರು ಲಕ್ಷ ಕೋಟಿ ಲೆಕ್ಕ) ಸಾಮರ್ಥ್ಯದ, ನ್ಯೂರಲ್ ನೆಟ್‌ವರ್ಕ್‌ಗೇ ಮೀಸಲಾದ ಎನ್‌ಪಿಯು ಕೂಡ ಇದೆ. ಸದ್ದು ಗುರುತಿಸುವ ಚಿಕ್ಕ ನ್ಯೂರಲ್ ನೆಟ್‌ವರ್ಕನ್ನು ಅದಕ್ಕೆ ಒಪ್ಪಿಸಿದೆ, ಕೋರ್‌ಗಳ ಹೊರೆ ಇಳಿಯಿತು. ಮಾಡೆಲನ್ನು ಅದರ ರೂಪಕ್ಕೆ ತರುವುದಕ್ಕೆ ಮಾತ್ರ ತಾಳ್ಮೆ ಬೇಕು. ಆ ತಾಪತ್ರಯ ಬೇಡ, ಮಕ್ಕಳಿಗೆ ಕಲಿಸಲು ಬೋರ್ಡ್ ಬೇಕು ಅನ್ನುವವರು ಪೈ ತಗೊಳ್ಳಿ. ಅದಕ್ಕಿರುವಷ್ಟು ಪಾಠ, ಉದಾಹರಣೆ ಬೇರೆ ಯಾವುದಕ್ಕೂ ಇಲ್ಲ. ಕರೆಂಟ್ ಕೈಕೊಡದ ಊರಿನಲ್ಲಿ, ಹಳೆಯ ವಿಂಡೋಸ್ ಪ್ರೋಗ್ರಾಮ್‌ಗಳೂ ಓಡಬೇಕೆಂದರೆ ಎನ್100.

ಕೊನೆಯಲ್ಲಿ ಎಲ್ಲ ತುಣುಕಿನ ಉತ್ತರಗಳನ್ನು ಸಮಯದ ಪ್ರಕಾರ ಒಂದೇ ಪಟ್ಟಿಗೆ ತರುವ ಕೆಲಸ ಒಂದೇ ಕೋರಿನದ್ದು, ಅಲ್ಲಿ ಎಂಟು ಕೋರ್ ಇದ್ದೂ ಉಪಯೋಗವಿಲ್ಲ. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲೇ ಈ ಮಿತಿಯನ್ನು ತೋರಿಸಿದ್ದರು: ಕೆಲಸದ ಹತ್ತರಲ್ಲೊಂದು ಭಾಗ ಹಂಚಲಾಗದಿದ್ದರೆ, ಕೋರ್ ಎಷ್ಟೇ ಇರಲಿ, ವೇಗ ಹತ್ತು ಪಟ್ಟು ಮೀರುವುದಿಲ್ಲ. ಅದಕ್ಕೇ ಬರೀ ಚಿಕ್ಕ ಕೋರ್‌ಗಳ ಚಿಪ್ ಸಾಲದು. ನನ್ನನ್ನು ಕೇಳಿದರೆ, ಇಂಥ ಕೆಲಸಕ್ಕೆ ಬೇಕಾದ್ದು ಒಂದೇ ಒಂದು ದೊಡ್ಡ ಕೋರ್, ಎಂಟು ಚಿಕ್ಕ ಕೋರ್, ಪ್ರತಿ ಚಿಕ್ಕದಕ್ಕೂ 128 ಬದಲು 256 ಕಿಲೋಬೈಟ್ ಎಲ್2, ಮೆಮೊರಿಗೆ 64 ಬಿಟ್‌ಗೆ ಕಡಿಮೆ ಇಲ್ಲದ ದಾರಿ. ಅಂಥ ಚಿಪ್ ಬೋರ್ಡ್ ಮೇಲೆ ಬಂದ ದಿನ ಇದೇ ಮೀಟರ್ ಹಾಕಿ ಇದೇ ರೆಕಾರ್ಡಿಂಗ್ ಓಡಿಸುತ್ತೇನೆ.