‘ನೋಡೋಕೆ ಮಾತ್ರ’ ಟೋಕನ್ ಅಂತ ದುಡ್ಡು ತಗೊಂಡು ಅಡ್ಮಿನ್ ಟೋಕನ್ ಕೊಟ್ಟ, ಹುಷಾರು

ಕುಬರ್ನೆಟೀಸ್ ಕ್ಲಸ್ಟರ್ (ಹಲವು ಸರ್ವರುಗಳ ಮೇಲೆ ಸಾಫ್ಟ್‌ವೇರ್ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಕೆಲಸವನ್ನು ಹೊರಗಿನವರಿಂದ ಮಾಡಿಸಿಕೊಂಡಿದ್ದೀರಾ? ಡ್ಯಾಶ್‌ಬೋರ್ಡಿಗೆ ಲಾಗಿನ್ ಅಂತ ವಾಟ್ಸಾಪಿನಲ್ಲಿ ಒಂದು ಉದ್ದ ಟೋಕನ್ (ಪಾಸ್‌ವರ್ಡಿನ ಬದಲು ಹಾಕುವ ಅಕ್ಷರಗಳ ಸಾಲು) ಬಂದಿದೆಯಾ? ಹಾಗಾದರೆ ಇದನ್ನು ಪೂರ್ತಿ ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದುಮುಂದಾಗಿದ್ದರೆ ಸುಧಾರಿಸಿಕೊಳ್ಳಿ.

ನಮ್ಮದು ಶಿರಸಿಯಲ್ಲಿ ಸಣ್ಣ ತಂಡ. ಅಡಿಕೆ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ರಾಶಿ, ಚಾಲಿ, ಬೆಟ್ಟೆ ಅಂತ ಲಾಟ್ ಬರೆದುಕೊಂಡು ತೂಕ, ದರ, ರೈತರ ಖಾತೆ ಎಲ್ಲ ಒಂದೇ ಕಡೆ ಸಿಗಬೇಕು, ಅಷ್ಟೇ. ಕೋಡ್ ನಮ್ಮದೇ. ಸರ್ವರ್ ಕೆಲಸ ಮಾತ್ರ ಹೊರಗೆ ಕೊಟ್ಟೆವು. ಆ ಮನುಷ್ಯ ಇರುವುದು ಬೆಂಗಳೂರಿನಲ್ಲಿ, ಮೂಲ ನಮ್ಮ ಘಟ್ಟದ ಮೇಲಿನವನೇ. ಊರ ಕಡೆಯವನು, ಮಾತು ಚೆಂದ, ಫೋನ್ ಎತ್ತುತ್ತಾನೆ. ಹೆಸರು ಬರೆಯುವುದಿಲ್ಲ. ಬರೆಯುವ ಆಸೆ ಬಹಳ ಇದೆ.

ಕ್ಲಸ್ಟರ್ ಎಬ್ಬಿಸಿದ, ಡ್ಯಾಶ್‌ಬೋರ್ಡ್ ಹಾಕಿದ, ನಮಗೊಂದು ಅಡ್ಮಿನ್ ಟೋಕನ್ ಕೊಟ್ಟ. ಅಲ್ಲಿಯವರೆಗೆ ತಕರಾರಿಲ್ಲ. ನಮ್ಮ ಗಿರಾಕಿಯೊಬ್ಬರ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ಇದ್ದಾನೆ, ಚುರುಕು. ಬಿಲ್ ಹೋಗದಿದ್ದಾಗ ಪಾಡ್ (ಕ್ಲಸ್ಟರಿನಲ್ಲಿ ನಮ್ಮ ಸಾಫ್ಟ್‌ವೇರ್ ಓಡುವ ಘಟಕ) ಓಡುತ್ತಿದೆಯಾ, ಲಾಗ್ ಏನು ಹೇಳುತ್ತಿದೆ ಅಂತ ಅವನೇ ನೋಡಿ ಹೇಳಿದರೆ ನಮಗೆ ಎಷ್ಟೋ ಸುಲಭ. ಅದಕ್ಕೆ ನೋಡೋಕೆ ಮಾತ್ರ ಆಗುವ, ಏನನ್ನೂ ಮುಟ್ಟೋಕೆ ಆಗದ ಇನ್ನೊಂದು ಟೋಕನ್ ಬೇಕು ಅಂದೆ. “ಅದಕ್ಕೆ ಬೇರೆ ರೋಲ್ ಬರೀಬೇಕು ಸರ್, ಎಕ್ಸ್‌ಟ್ರಾ ಚಾರ್ಜ್ ಆಗತ್ತೆ” ಅಂದ (ರೋಲ್ ಅಂದರೆ ಏನೇನು ಮಾಡಬಹುದು ಅನ್ನುವ ಹಕ್ಕುಗಳ ಪಟ್ಟಿ). ಕೊಟ್ಟೆ. ಅವತ್ತು ಸಂಜೆಯೇ ಟೋಕನ್ ಬಂತು. ಮೊದಲಿನದಕ್ಕಿಂತ ಬೇರೆಯಾಗಿಯೇ ಕಾಣುತ್ತಿತ್ತು.

ಅದೇ ಟೋಕನ್ ಹಾಕಿ ಆ ಹುಡುಗ ಒಳಗೆ ಹೋದ. ಪಾಸ್‌ವರ್ಡ್, ಟೋಕನ್ ಎಲ್ಲ ಇಡುವ ಸೀಕ್ರೆಟ್ಸ್ ಅನ್ನುವ ಪಟ್ಟಿಯಲ್ಲಿ ಕಣ್ಣಿನ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿದ. ನನಗೆ ಫೋನ್ ಮಾಡಿ ಪಾಪ ಮೆತ್ತಗೆ ಕೇಳಿದ, “ಅಣ್ಣಾ, ಇಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಕಾಣ್ತಾ ಉಂಟು. ಇದು ನನಗೆ ಕಾಣಬೇಕಾ?”

ಗೊತ್ತಿದ್ದವರಿಗೆ ಇಷ್ಟು ಸಾಕು. ಕುಬರ್ನೆಟೀಸ್ ಜೊತೆಗೇ ಬರುವ ‘ವ್ಯೂ’ ರೋಲ್‌ಗೆ ಸೀಕ್ರೆಟ್ ಓದುವ ಹಕ್ಕು ಇಲ್ಲವೇ ಇಲ್ಲ. ಅದು ಕಂಡಿತು ಅಂದರೆ ಕೊಟ್ಟ ಟೋಕನ್ ‘ವ್ಯೂ’ ಅಲ್ಲ. ನಾನೇ ಆ ಟೋಕನ್ನಿಂದ ಒಳಗೆ ಹೋಗಿ ಒಂದು ಟೆಸ್ಟ್ ಡಿಪ್ಲಾಯ್‌ಮೆಂಟಿನ (ಪರೀಕ್ಷೆಗೆಂದು ಓಡಿಸಿದ್ದ ಸಾಫ್ಟ್‌ವೇರಿನ) ಪಕ್ಕದ ಮೂರು ಚುಕ್ಕೆ ಒತ್ತಿ ಡಿಲೀಟ್ ಕೊಟ್ಟೆ. ಅನುಮತಿ ಇಲ್ಲ ಅನ್ನಬೇಕಿತ್ತು. ಖಚಿತವಾ ಅಂತ ಒಮ್ಮೆ ಕೇಳಿತು. ಹೌದು ಅಂದೆ. ಹೋಯ್ತು!

ಆಮೇಲೆ ಟೋಕನ್ ಬಿಚ್ಚಿ ನೋಡಿದೆ. “ಅದು ಎನ್‌ಕ್ರಿಪ್ಟ್ ಆಗಿರತ್ತೆ ಸರ್, ಒಳಗೇನಿದೆ ಅಂತ ಯಾರಿಗೂ ಓದೋಕೆ ಆಗಲ್ಲ” ಅಂತ ಮೊದಲೇ ಹೇಳಿಟ್ಟಿದ್ದ. ಶುದ್ಧ ಸುಳ್ಳು. ಇದು ಜೆಡಬ್ಲ್ಯೂಟಿ (ಜೇಸನ್ ವೆಬ್ ಟೋಕನ್), ಸಹಿ ಹಾಕಿದ ಟೋಕನ್ನಿನ ಒಂದು ಮಾದರಿ. ಚುಕ್ಕೆಗಳ ನಡುವೆ ಮೂರು ಭಾಗ. ಕೊನೆಯದು ಸಹಿ. ನಡುವಿನ ಭಾಗವನ್ನು ಬೇಸ್64 (ಬಿಚ್ಚಲು ಕೀಲಿ ಬೇಡದ ಬರವಣಿಗೆಯ ರೂಪ) ಡಿಕೋಡ್ ಮಾಡಿದರೆ ಯಾರು ಬೇಕಾದರೂ ಓದಬಹುದು. ಸಹಿ ಇದೆ ಅಂದರೆ ಯಾರೂ ತಿದ್ದಲಾರರು ಅಂತ ಅರ್ಥ, ಓದಲಾರರು ಅಂತ ಅಲ್ಲ. ನಿಮ್ಮ ಟೋಕನ್ ನೋಡುವುದಾದರೆ ನಿಮ್ಮ ಕಂಪ್ಯೂಟರಿನಲ್ಲೇ ಡಿಕೋಡ್ ಮಾಡಿ, ಯಾವುದೋ ಸೈಟಿಗೆ ಅಂಟಿಸಬೇಡಿ.

ಎರಡನ್ನೂ ಪಕ್ಕಪಕ್ಕ ಇಟ್ಟೆ. ಸೀಕ್ರೆಟ್‌ನ ಹೆಸರು ಒಂದರಲ್ಲಿ ‘ಅಡ್ಮಿನ್-ಯೂಸರ್-ಟೋಕನ್’, ಇನ್ನೊಂದರಲ್ಲಿ ‘ವ್ಯೂವರ್-ಟೋಕನ್’. ಅದಕ್ಕೇ ನೋಡೋಕೆ ಬೇರೆ ಬೇರೆ. ಆದರೆ ಸರ್ವಿಸ್ ಅಕೌಂಟ್, ಅಂದರೆ ಟೋಕನ್ ಯಾವ ಖಾತೆಯದು ಅನ್ನುವುದು? ಎರಡರಲ್ಲೂ ‘ಅಡ್ಮಿನ್-ಯೂಸರ್’! ಅದೇ ಅಕೌಂಟ್, ಅದಕ್ಕೆ ಕಟ್ಟಿದ ರೋಲ್ ಕ್ಲಸ್ಟರ್-ಅಡ್ಮಿನ್, ಇಡೀ ಕ್ಲಸ್ಟರಿನ ಮೇಲೆ ಎಲ್ಲ ಹಕ್ಕು. ಅಂದರೆ ಹಳೇ ಅಡ್ಮಿನ್ ಅಕೌಂಟಿಗೇ ಎರಡನೇ ಸೀಕ್ರೆಟ್ ಮಾಡಿ, ಅದಕ್ಕೆ ವ್ಯೂವರ್ ಅಂತ ಹೆಸರಿಟ್ಟು, ನನ್ನಿಂದ ದುಡ್ಡು ತಗೊಂಡಿದ್ದಾನೆ. ಬರೀ ಹೆಸರಿಗೆ ದುಡ್ಡು! ಅವಧಿ ಮುಗಿಯುವ ಸಮಯ ಎರಡರಲ್ಲೂ ಇಲ್ಲ. ಯಾವತ್ತೂ ಮುಗಿಯದ ಟೋಕನ್.

ಗಡಿಬಿಡಿಯಲ್ಲಿ ಆಗಿರಬಹುದು ಅಂತೀರಾ? ಆಗಿರಲಿಕ್ಕಿಲ್ಲ. 2022ರಲ್ಲಿ ಬಂದ 1.24 ಆವೃತ್ತಿಯಿಂದ ಸರ್ವಿಸ್ ಅಕೌಂಟಿಗೆ ಇಂಥ ಸೀಕ್ರೆಟ್ ತಾನಾಗಿ ಹುಟ್ಟುವುದೇ ನಿಂತಿದೆ. ನಮ್ಮದು ಅದಕ್ಕಿಂತ ಹೊಸದು. ಬೇಕು ಅಂದರೆ ಕೂತು ಫೈಲ್ ಬರೆದು, ಯಾವ ಅಕೌಂಟ್ ಅಂತ ಅನೋಟೇಶನ್‌ನಲ್ಲಿ (ಫೈಲಿನೊಳಗಿನ ಟಿಪ್ಪಣಿ ಸಾಲಿನಲ್ಲಿ) ನಮೂದಿಸಿ ಹಾಕಬೇಕು. ಹಾಕಿದ್ದಾನೆ. ಅಡ್ಮಿನ್-ಯೂಸರ್ ಅಂತ ತನ್ನ ಕೈಯಲ್ಲೇ ಟೈಪ್ ಮಾಡಿ ಹಾಕಿದ್ದಾನೆ ಮಾರಾಯ್ರೆ.

ಫೋನ್ ಮಾಡಿದೆ. ಅವನ ಉತ್ತರ ಕೇಳಿ.

“ಎಲ್ಲಾ ಕಡೆ ಹೀಗೇ ಮಾಡೋದು ಸರ್, ಸ್ಟ್ಯಾಂಡರ್ಡ್.”

ಹಾಗಾದರೆ ಎಕ್ಸ್‌ಟ್ರಾ ಚಾರ್ಜ್ ಯಾತಕ್ಕೆ ಅಂದೆ. “ಅದು ನನ್ನ ಟೈಮಿಗೆ.”

ಡ್ಯಾಶ್‌ಬೋರ್ಡನ್ನು ನೋಡ್‌ಪೋರ್ಟ್ (ಸರ್ವರಿನಲ್ಲಿ ಹೊರಗಿನವರಿಗೆ ತೆರೆಯುವ ಬಾಗಿಲಿನಂಥ ಪೋರ್ಟ್) ಮೇಲೆ ಇಡೀ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದೀಯಲ್ಲ ಅಂದೆ. ಅದಕ್ಕೆ ಸಾಮಾನ್ಯವಾಗಿ ಸಿಗುವ 30000ದಿಂದ 32767ರವರೆಗಿನ ಪೋರ್ಟ್ ತಡಕಾಡುವುದು ಯಾರಿಗೂ ಕಷ್ಟ ಅಲ್ಲ. “ನಿಮ್ಮ ಅಡಿಕೆ ಲೆಕ್ಕ ಯಾರು ಸರ್ ನೋಡ್ತಾರೆ, ಸುಮ್ನೆ ಟೆನ್ಷನ್ ಮಾಡ್ಕೋಬೇಡಿ.” ಅಡಿಕೆ ಲೆಕ್ಕ ಯಾರಿಗೂ ಬೇಡ, ಒಪ್ಪಿದೆ. ಬೇಕಾಗಿರುವುದು ಸಿಪಿಯು, ಅಂದರೆ ಸರ್ವರಿನ ಲೆಕ್ಕ ಹಾಕುವ ಶಕ್ತಿ. 2018ರಲ್ಲಿ ಟೆಸ್ಲಾದಂಥ ಕಂಪನಿಯ ಕುಬರ್ನೆಟೀಸ್ ಕನ್ಸೋಲೇ ಪಾಸ್‌ವರ್ಡ್ ಇಲ್ಲದೆ ತೆರೆದು ಬಿದ್ದಿತ್ತು, ಅದರೊಳಗೆ ನುಗ್ಗಿದವರು ಕ್ರಿಪ್ಟೋ ಮೈನಿಂಗ್ ನಡೆಸಿದ್ದರು. ಇದನ್ನು ಹೇಳಿದರೆ “ಅವರದ್ದು ದೊಡ್ಡ ಕಂಪನಿ ಸರ್” ಅಂದ.

ಕೊನೆಗೆ “ಆಯ್ತು, ಟೋಕನ್ ರೀಸೆಟ್ ಮಾಡ್ತೀನಿ” ಅಂದ. ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್ ನನ್ನನ್ನು ಹೊರಗೆ ಹಾಕಿ ಲಾಗಿನ್ ಪುಟ ತೋರಿಸಿತು. “ನೋಡಿ ಸರ್, ಹಳೇದೆಲ್ಲ ಕ್ಯಾನ್ಸಲ್” ಅಂತ ಮೆಸೇಜ್, ಜೊತೆಗೊಂದು ಹೆಬ್ಬೆರಳು. ಹಳೇ ಟೋಕನ್ನನ್ನೇ ಮತ್ತೆ ಅಂಟಿಸಿದೆ. ಸೀದಾ ಒಳಗೆ! ಅವನು ಮಾಡಿದ್ದು ಇಷ್ಟೇ, ಡ್ಯಾಶ್‌ಬೋರ್ಡಿನ ಪಾಡ್ ರೀಸ್ಟಾರ್ಟ್. ಡ್ಯಾಶ್‌ಬೋರ್ಡ್ ಟೋಕನ್ನನ್ನು ಎಪಿಐ ಸರ್ವರಿಗೆ (ಕ್ಲಸ್ಟರಿಗೆ ಬರುವ ಕೋರಿಕೆಗಳನ್ನೆಲ್ಲ ನೋಡುವ ಮುಖ್ಯ ಸರ್ವರ್) ದಾಟಿಸುತ್ತದೆ, ಸರಿಯೋ ತಪ್ಪೋ ಅಂತ ನಿರ್ಧರಿಸುವುದು ಆ ಸರ್ವರ್. ಗೋದಾಮಿನ ಬೀಗ ಹಾಗೇ ಬಿಟ್ಟು ಬಾಗಿಲಿಗೆ ಬಣ್ಣ ಹೊಡೆದ ಹಾಗೆ. ನನಗೆ ಜಾಸ್ತಿ ಉರಿದದ್ದು ಇಲ್ಲೇ. ಮೊದಲನೆಯದು ಸೋಮಾರಿತನ ಅಂತಾದರೂ ಬಿಡಬಹುದಿತ್ತು. ಇದು ನನಗೆ ಏನೂ ತಿಳಿಯುವುದಿಲ್ಲ ಅಂತ ತೀರ್ಮಾನಿಸಿ ಆಡಿದ ಆಟ ಅಲ್ವಾ?

ಆ ಎರಡೂ ಸೀಕ್ರೆಟ್ ನಾನೇ ಅಳಿಸಿದೆ. ಆಗ ಸತ್ತವು ಟೋಕನ್‌ಗಳು. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದೆ, ನೋಡ್‌ಪೋರ್ಟ್ ಮುಚ್ಚಿದೆ. ಈಗ ಪೋರ್ಟ್-ಫಾರ್ವರ್ಡ್ (ನಮ್ಮ ಕಂಪ್ಯೂಟರಿನಿಂದ ಮಾತ್ರ ತೆರೆಯುವ ಹಾದಿ) ಮಾಡಿಕೊಂಡೇ ಡ್ಯಾಶ್‌ಬೋರ್ಡ್ ತೆರೆಯುತ್ತೇವೆ. ಹುಡುಗನಿಗೆ ಬೇರೆ ಅಕೌಂಟ್ ಮಾಡಿ, ಅವನ ಅಂಗಡಿಯ ನೇಮ್‌ಸ್ಪೇಸಿಗೆ ಮಾತ್ರ ರೋಲ್‌ಬೈಂಡಿಂಗ್‌ನಲ್ಲಿ ‘ವ್ಯೂ’ ಕಟ್ಟಿದೆ (ನೇಮ್‌ಸ್ಪೇಸ್ ಅಂದರೆ ಕ್ಲಸ್ಟರಿನೊಳಗಿನ ಒಂದು ಪಾಲು, ರೋಲ್‌ಬೈಂಡಿಂಗ್ ಅಂದರೆ ರೋಲನ್ನು ಅಕೌಂಟಿಗೆ ಜೋಡಿಸುವ ನಮೂದು). ಟೋಕನ್ ಬೇಕಾದಾಗ ‘ಕ್ಯೂಬ್‌ಸಿಟಿಎಲ್ ಕ್ರಿಯೇಟ್ ಟೋಕನ್’, ಕ್ಲಸ್ಟರಿಗೆ ಕೊಡುವ ಆಜ್ಞೆ ಇದು, ಅವಧಿ ಏನೂ ಹೇಳದಿದ್ದರೆ ಸಾಮಾನ್ಯವಾಗಿ 1 ಗಂಟೆಯ ಟೋಕನ್ ಕೊಡುತ್ತದೆ. ಇಷ್ಟಕ್ಕೆ ಹಿಡಿದದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಇದಕ್ಕಾ ಅವನಿಗೆ ಎಕ್ಸ್‌ಟ್ರಾ ಚಾರ್ಜ್ ಬೇಕಿದ್ದದ್ದು?

ಗಿರಾಕಿಗೆ ವಿಷಯ ಹೇಳಲೇಬೇಕಾಯಿತು. ಸಾಲು ಸಾಲು ಚೀಲಗಳ ನಡುವೆ ಕೂತು ಅವರು ಕೇಳಿದ್ದು ಒಂದೇ, “ಹಾಗಾದ್ರೆ ಇಷ್ಟು ದಿನ ಯಾರ್ಯಾರು ಒಳಗೆ ಬಂದು ಹೋಗಿದ್ದಾರೆ?” ಗೊತ್ತಿಲ್ಲ ಅಂದೆ. ಯಾರು ಏನು ಮಾಡಿದರು ಅಂತ ಬರೆದಿಡುವ ಆಡಿಟ್ ಲಾಗ್ ಪುಣ್ಯಾತ್ಮ ಹಾಕಿಯೇ ಇರಲಿಲ್ಲ. ಅವನನ್ನು ಕೇಳಿದರೆ “ಅದು ಸ್ಕೋಪಿನಲ್ಲಿ ಇರಲಿಲ್ಲ, ಬೇಕಾದ್ರೆ ಬೇರೆ ಕೊಟೇಶನ್ ಕಳಿಸ್ತೀನಿ” ಅಂದ. ನಿಜಕ್ಕೂ ಕಳಿಸಿದ್ದಾನೆ. ಹಳೇ ಬಾಕಿಯನ್ನೂ ಅದರಲ್ಲೇ ಸೇರಿಸಿದ್ದಾನೆ. ಒಂದು ಪೈಸೆ ಕೊಡುವುದಿಲ್ಲ.

ಕುಮಟಾ, ಕಾರವಾರ ಕಡೆಯೂ ಅವನಿಗೆ ಕೆಲಸ ಸಿಕ್ಕಿದೆ ಅಂತ ಅವನ ಬಾಯಿಂದಲೇ ಕೇಳಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ನೋಡೋಕೆ ಮಾತ್ರ ಅಂತ ಟೋಕನ್ ಕೊಟ್ಟಿದ್ದರೆ ಇವತ್ತೇ ಅದನ್ನು ಹಾಕಿ ‘ಕ್ಯೂಬ್‌ಸಿಟಿಎಲ್ ಆತ್ ಕ್ಯಾನ್-ಐ’ ಆಜ್ಞೆಗೆ ‘ಲಿಸ್ಟ್’ ಆಯ್ಕೆ ಸೇರಿಸಿ ಓಡಿಸಿ. ಪಟ್ಟಿಯಲ್ಲಿ ಎಲ್ಲದಕ್ಕೂ ನಕ್ಷತ್ರ ಚಿಹ್ನೆ ಕಂಡರೆ ಅದು ಅಡ್ಮಿನ್. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಸೀಕ್ರೆಟ್ ಅಳಿಸಿ, ಆಮೇಲೆ ಅವನಿಗೆ ಫೋನ್ ಮಾಡಿ. ರೀಸೆಟ್ ಮಾಡ್ತೀನಿ ಅಂದರೆ ಬೇಡ ಅನ್ನಿ.