ಬೈಪಾಸ್ ಆದವರಿಗೆ ಕೊಡುವ ಮೂರು ಚೆಂಡಿನ ಸ್ಪೈರೋಮೀಟರ್: ಮೂರನೇ ಚೆಂಡಿನ ಹಿಂದೆ ಬೀಳಬೇಡಿ

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರ ಚೀಲದಲ್ಲಿ ಮಾತ್ರೆಗಳ ಜತೆ ಸಾಮಾನ್ಯವಾಗಿ ಸ್ಪೈರೋಮೀಟರ್ ಎಂಬ ಈ ಪ್ಲಾಸ್ಟಿಕ್ ಸಾಧನವೂ ಇರುತ್ತದೆ: ಕೊಳವೆಯಿಂದ ಉಸಿರೆಳೆದರೆ ಅದರ ಮೂರು ಕೋಣೆಗಳಲ್ಲಿರುವ ಚೆಂಡುಗಳು ಮೇಲೇರುತ್ತವೆ. ಮೆಡಿಕಲ್ ಸ್ಟೋರಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಬೆಲೆಗೆ ಮೋಸವಿಲ್ಲ, ಆದರೆ ಸರಿಯಾಗಿ ಬಳಸುವವರು ಕಡಿಮೆ.

ಎದೆಮೂಳೆಯನ್ನು ಕತ್ತರಿಸಿ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ನೋವಿಗೆ ಹೆದರಿ ಆಳವಿಲ್ಲದ ಮೇಲುಮೇಲಿನ ಉಸಿರಲ್ಲೇ ಇದ್ದರೆ ಶ್ವಾಸಕೋಶದ ಕೆಳಭಾಗ ಮುದುಡಿಕೊಳ್ಳುತ್ತದೆ, ಕಫ ಕಟ್ಟುತ್ತದೆ, ನ್ಯುಮೋನಿಯಾಗೆ ದಾರಿಯಾಗುತ್ತದೆ. ಇದನ್ನು ತಡೆಯಲೆಂದೇ ಈ ವ್ಯಾಯಾಮ.

ಮೊದಲ ತಪ್ಪು, ಊದುವುದು. ಇದು ಊದುವ ಸಾಧನವಲ್ಲ, ಎಳೆಯುವ ಸಾಧನ. ಬೆನ್ನು ನೆಟ್ಟಗೆ ಮಾಡಿ ಕೂತು, ಸಾಧನವನ್ನು ಕಣ್ಣಿನ ಮಟ್ಟದಲ್ಲಿ ನೇರವಾಗಿ ಹಿಡಿಯಿರಿ. ಓರೆಯಾದರೆ ಚೆಂಡು ಸುಮ್ಮನೆ ಸಲೀಸಾಗಿ ಏರುತ್ತದೆ. ಉಸಿರನ್ನು ಹೊರಬಿಟ್ಟು, ತುಟಿಯಿಂದ ಕೊಳವೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಎಳೆಯಿರಿ. ತುಂಬಿದ ಉಸಿರನ್ನು 3 ಸೆಕೆಂಡಾದರೂ ಹಿಡಿದು, ಕೊಳವೆಯನ್ನು ಬಾಯಿಂದ ತೆಗೆದು ಉಸಿರು ಬಿಡಿ. ಎಚ್ಚರವಿರುವಾಗ ಗಂಟೆಗೆ ಸುಮಾರು 10 ಸಲ, ನಡುನಡುವೆ ವಿರಾಮ ಕೊಟ್ಟು. ಅವಸರ ಮಾಡಿದರೆ ತಲೆ ಸುತ್ತುತ್ತದೆ, ಆಗ ನಿಲ್ಲಿಸಿಬಿಡಿ. ನೋವಿನ ಮಾತ್ರೆ ಹಿಡಿದ ಮೇಲೆ ಮಾಡಿದರೆ ಸುಲಭ. ಕೊನೆಗೆ ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಿ ಕಫ ತೆಗೆಯಬೇಕು. ಈ ಕೆಮ್ಮನ್ನು ಬಿಟ್ಟರೆ ಅರ್ಧ ಕೆಲಸ ಬಾಕಿ ಉಳಿದಂತೆ.

ಸಾಧನದ ದೊಡ್ಡ ಕೊರತೆ ಅದರ ಅಂಕಿಗಳಲ್ಲೇ ಇದೆ. ಕೋಣೆಗಳ ಮೇಲಿನ 600, 900, 1200 ಎಂಬುದು ಸೆಕೆಂಡಿಗೆ ಎಷ್ಟು ಸಿಸಿ ಗಾಳಿ ಎಳೆದಿರಿ ಎಂಬ ವೇಗದ ಲೆಕ್ಕ, ಶ್ವಾಸಕೋಶ ಎಷ್ಟು ತುಂಬಿತು ಎಂಬುದರ ಲೆಕ್ಕವಲ್ಲ. ಗಬಕ್ಕನೆ ಎಳೆದರೆ ಮೂರೂ ಚೆಂಡು ಟಪ್ ಎಂದು ಮೇಲೆ ಬಡಿದು ಬಿದ್ದುಬಿಡುತ್ತವೆ, ಆದರೆ ಕೆಳಭಾಗಕ್ಕೆ ಗಾಳಿ ಇಳಿದಿರುವುದಿಲ್ಲ. ಮೊದಲ ಚೆಂಡನ್ನು ಮೇಲೇರಿಸಿ ಅಲ್ಲೇ ಹೆಚ್ಚು ಹೊತ್ತು ನಿಲ್ಲಿಸುವುದೇ ಒಳ್ಳೆಯ ಅಭ್ಯಾಸ. ಸ್ವಲ್ಪ ಹೆಚ್ಚು ಖರ್ಚಾದರೂ ಪರವಾಗಿಲ್ಲ ಎನ್ನುವವರು ಪಿಸ್ಟನ್ ಏರುವ ಮಾದರಿ ಕೊಳ್ಳಲಿ. ಅದು ಒಟ್ಟು ಎಷ್ಟು ಗಾಳಿ ಎಳೆದಿರಿ ಎಂಬುದನ್ನು ಮಿಲಿಲೀಟರ್‌ನಲ್ಲಿ ತೋರಿಸುತ್ತದೆ, ಸುಧಾರಣೆಯನ್ನು ಬರೆದಿಡಬಹುದು.

ಇನ್ನೊಂದು ಮಾತು. ಬೈಪಾಸ್ ಆದವರಲ್ಲಿ ಇದು ಬೇರೆ ಉಸಿರಾಟದ ವ್ಯಾಯಾಮಗಳಿಗಿಂತ ಮೇಲು ಎನ್ನುವುದಕ್ಕೆ 2012ರ ಕಾಕ್ರೇನ್ ವಿಮರ್ಶೆಗೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ವರದಿ) ಪುರಾವೆ ಸಿಗಲಿಲ್ಲ. ಹಾಗಾಗಿ ಇದನ್ನು ನಂಬಿ ನಡಿಗೆ ಬಿಡಬಾರದು. ಕಣ್ಣೆದುರು ಚೆಂಡು ಏರುವುದನ್ನು ನೋಡಿದರೆ ದೀರ್ಘ ಉಸಿರು ತೆಗೆದುಕೊಳ್ಳುವ ನೆನಪು ಉಳಿಯುತ್ತದೆ. ಆ ಕಾರಣಕ್ಕೆ ಇದು ಬೇಕು.

ಎಷ್ಟು ಎಳೆದರೂ ಚೆಂಡು ಮೇಲೇಳದಿದ್ದರೆ ಮೊದಲು ಕೊಳವೆಯ ಜೋಡಣೆ ನೋಡಿ: ಸಡಿಲವಾಗಿದ್ದರೆ, ಬಿರುಕಿದ್ದರೆ ಗಾಳಿ ಸೋರುತ್ತದೆ. ಬಾಯಿ ಇಡುವ ಭಾಗವನ್ನು ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಕುದಿಸಬೇಡಿ, ಇನ್ನೊಬ್ಬರಿಗೆ ಕೊಡಬೇಡಿ. ಉಸಿರೆಳೆದಾಗ ಎದೆಮೂಳೆ ಕಟಕ್ ಎಂದರೆ, ಗಾಯ ಸೋರಿದರೆ, ಜ್ವರದೊಂದಿಗೆ ಹಳದಿ ಅಥವಾ ಹಸಿರು ಕಫ ಬಂದರೆ ವ್ಯಾಯಾಮ ನಿಲ್ಲಿಸಿ ಅದೇ ದಿನ ಸರ್ಜನ್‌ಗೆ ಫೋನ್ ಮಾಡಿ.